ಕತುಂಗಿ ಬಲ್ಲ ಅನ್ನನಾಳ

ಕತುಂಗಿ ತೀರಿಕೊಂಡು ಇವತ್ತಿಗೆ ಹತ್ತೊಂಬತ್ತು ದಿನ. ಎಂಬರಾರಾ ಪೇಟೆಯ ಕಸಾಯಿಖಾನೆಯಲ್ಲಿ ಮೂವತ್ತು ವರ್ಷ ದುಡಿದವನು. ಕೆಲಸದವರಿಗೆ ಮಾಂಸದ ಪಾಲು ಹಂಚುವಾಗ ಉಳಿದವರು ಲಿವರ್ ಕೇಳಿದರೆ ಇವನು ಯಾರಿಗೂ ಬೇಡದ ಅನ್ನನಾಳ ಕೇಳುತ್ತಿದ್ದ. ಅದನ್ನು ಪಟ್ಟಿಯಾಗಿ ಕೊಯ್ದು, ತುದಿಗೆ ಕಲ್ಲು ಕಟ್ಟಿ, ಹಿತ್ತಲ ಬೇಲಿಗೆ ನೇತುಹಾಕುತ್ತಿದ್ದ. ಅಡ್ಡಕ್ಕೆ ಕೊಯ್ದ ಪಟ್ಟಿ ಧಾರಾಳವಾಗಿ ಹಿಗ್ಗುತ್ತಿತ್ತು. ಉದ್ದಕ್ಕೆ ಕೊಯ್ದದ್ದು ಬೇಗ ಬಿಗಿದು ನಿಲ್ಲುತ್ತಿತ್ತು. ಮೊದಲು ಹರಿಯುವುದು ಹೊರಗಿನ ಮಾಂಸ, ಒಳಗಿನ ಬಿಳಿ ಪದರ ಕೊನೆಯವರೆಗೂ ತಾಳುತ್ತಿತ್ತು.

"ಮೇಷ್ಟ್ರೇ, ಒಂದರೊಳಗೊಂದು ಎರಡು ಕೊಳವೆ ಇದೆ, ಬನ್ನಿ ನೋಡಿ," ಎಂದು ಶಾಲೆಯಿಂದ ಬರುವ ನನ್ನನ್ನು ನಿಲ್ಲಿಸುತ್ತಿದ್ದ.

"ಒಲೆಗೆ ಬರೋ ಮಾಂಸಾನ ಬೇಲಿಗೆ ನೇಣು ಹಾಕ್ತಾನೆ," ಎಂದು ಅವನ ಹೆಂಡತಿ ಒಳಗಿಂದಲೇ ಬೈಯುತ್ತಿದ್ದಳು.

ಎರಡು ವರ್ಷದ ಹಿಂದೆ, ವಿಧವೆ ಕೆಬಿರುಂಗಿಯ ಗಬ್ಬದ ಹಸು ಇಡೀ ಗೆಣಸೊಂದನ್ನು ಗಂಟಲಿಗೆ ಸಿಕ್ಕಿಸಿಕೊಂಡಿತು. ಅವಳಿಗಿದ್ದದ್ದು ಅದೊಂದೇ ಹಸು. ಕತುಂಗಿಯೂ ನಾನೂ ಹೋಗುವಷ್ಟರಲ್ಲಿ, ಒಳಗಿನ ಗಾಳಿ ಹೊರಬರಲಾಗದೆ ಹೊಟ್ಟೆಯ ಎಡಬದಿ ನಗಾರಿಯಂತೆ ಉಬ್ಬಿತ್ತು. ಅವಳ ಮೈದುನ ರುತಾರೊ ಬಿದಿರುಕೋಲಿಗೆ ತುಪ್ಪ ಸವರಿಕೊಂಡು ನಿಂತಿದ್ದ. ನಮ್ಮಲ್ಲಿ ಎಲ್ಲರೂ ಮಾಡುವುದು ಅದನ್ನೇ, ಒಳಕ್ಕೆ ತಳ್ಳುವುದು.

"ಕೋಲು ಕೆಳಗಿಡೋ," ಎಂದ ಕತುಂಗಿ.

"ಸತ್ತ ದನ ಕೊಯ್ಯೋನಿಗೆ ಬದುಕಿರೋ ದನದ್ದೇನಯ್ಯಾ ಗೊತ್ತು?"

"ಗೆಣಸು ಕೂತಿರೋ ಕಡೆ ನಾಳ ಆಗ್ಲೇ ಹಿಗ್ಗಿ ತೆಳ್ಳಗಾಗಿದೆ. ಗಟ್ಟಿ ಹಿಡ್ಕೊಂಡಿದೆ. ನೀನು ತಳ್ಳಿದ್ರೆ ನಾಳಾನೂ ಜೊತೆಗೇ ಉದ್ದಕ್ಕೆ ಎಳ್ಕೊಂಡು ಹೋಗ್ತದೆ. ಉದ್ದಕ್ಕೆ ಅದು ಹಿಗ್ಗಲ್ಲ, ಹರಿದೇ ಹೋಗ್ತದೆ."

"ಅಣ್ಣಾ, ಏನಾದ್ರೂ ಮಾಡು, ಹೊಟ್ಟೆ ಒಡೆಯೋ ಹಾಗಿದೆ," ಎಂದಳು ಕೆಬಿರುಂಗಿ.

ಕತುಂಗಿ ಎಡಪಕ್ಕೆಯ ಹಿಂದಿನ ಗುಳಿಯಲ್ಲಿ ಚೂರಿ ಇಳಿಸಿ, ಅಲ್ಲಿ ಟೊಳ್ಳು ಜೊಂಡೊಂದನ್ನು ತೂರಿಸಿದ. ಗಾಳಿ ಬುಸ್ಸೆಂದು ಹೊರಬಂತು, ಹೊಟ್ಟೆ ಇಳಿಯಿತು. ಗೆಣಸು ಮಾತ್ರ ಅಲ್ಲೇ ಇತ್ತು.

"ಇನ್ನೇನು ಮಾಡೋದು?" ಎಂದ ರುತಾರೊ.

"ಕೊಂಬು ಹಿಡ್ಕೊಂಡು ಸುಮ್ನಿರು. ನಾಳದ ಹಿಡಿತ ತಾನಾಗೇ ಸಡಿಲಾಗ್ಬೇಕು."

ಮೂರು ಗಂಟೆ ಕಾದೆವು. ಕತುಂಗಿ ಹಸುವಿನ ಕುತ್ತಿಗೆಯ ಮೇಲಿಂದ ಕೈ ತೆಗೆಯಲಿಲ್ಲ. ಇಳಿಹೊತ್ತಿನಲ್ಲಿ ಕುತ್ತಿಗೆಯಲ್ಲಿದ್ದ ಗೆಣಸಿನ ಉಬ್ಬು ಮೆಲ್ಲಗೆ ಜಾರಿ ಎದೆಯೊಳಗೆ ಮರೆಯಾಯಿತು. ಕೆಬಿರುಂಗಿ ಹಸುವಿನ ಮುಖಕ್ಕೆ ಮುಖವಿಟ್ಟು ಅತ್ತಳು. ರುತಾರೊ ಒಂದು ಸ್ಟೂಲ್ ತಂದು ಕತುಂಗಿಯ ಹಿಂದೆ ಇಟ್ಟ.

ಸಂಜೆಗೆ ಹಸು ಮೆಲುಕು ಹಾಕತೊಡಗಿತು. ಕುತ್ತಿಗೆಯಲ್ಲಿ ಮೆಲುಕಿನ ಒಂದು ಉಂಡೆ ಮೇಲೇರಿತು, ತುಸು ಹೊತ್ತಿಗೆ ಇಳಿಯಿತು.

"ಇನ್ನು ಹೊರಡೋಣ್ವಾ?" ಎಂದೆ.

"ಇರಿ ಮೇಷ್ಟ್ರೇ," ಎಂದ. "ಅದು ಏರಿ ಇಳಿಯೋದು ಇನ್ನೊಂದು ಸಲ ನೋಡ್ತೀನಿ."