ಚಪ್ಪಲಿ ಹೊರಗೆ ಬಿಡಿ

ಕಳೆದ ಮಂಗಳವಾರ ಬೆಳಿಗ್ಗೆ ನನ್ನ ಮಗಳು ಕಂಪ್ಯೂಟರ್ ಮುಟ್ಟಿ ಚೀರಿದಳು.

ಓಡಿಹೋಗಿ ಅವಳನ್ನು ಹಿಡಿದೆ ಎಂದು ಬರೆಯಲು ಆಸೆ. ಆದರೆ ಕಾಲು ಏಳಲೇ ಇಲ್ಲ. ನಿಂತಲ್ಲೇ ನಿಂತಿದ್ದೆ. (ನಾನು ಹುಟ್ಟಾ ಪುಕ್ಕಲ ಅನ್ನುವುದು ಈ ಅಂಕಣ ಓದುವವರಿಗೆ ಹೊಸದೇನಲ್ಲ.)

"ಏನೂ ಆಗಿಲ್ಲ ಪಪ್ಪಾ, ಚುಮ್ ಅಂತು ಅಷ್ಟೇ. ಎಂಟ ದಿನದಿಂದ ಹಿಂಗೇ ಅನ್ಲತ್ತದ," ಅಂದಳು ಪ್ರಜ್ಞಾ, ಕೈ ಕೊಡವುತ್ತಾ.

ಎಂಟು ದಿನ! ಮತ್ತೆ ನನಗೆ ಯಾಕೆ ಹೇಳಲಿಲ್ಲ? ಕೇಳಿದರೆ ಭುಜ ಹಾರಿಸಿದಳು.

ಈ ಕಂಪ್ಯೂಟರ್ ನಮ್ಮಿಬ್ಬರ ಆಟಿಕೆ. ಭಾಲ್ಕಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಸಿಪಿಯುನ ತಗಡಿನ ಡಬ್ಬಿ, ಬಾಗಿಲು ಮುಚ್ಚಿದ ಸೈಬರ್ ಕೆಫೆಯ ಗ್ರಾಫಿಕ್ಸ್ ಕಾರ್ಡು, ಯಾರದೋ ಮಾನಿಟರ್. ಬೀದರದ ಚಿದ್ರಿಯ ನಮ್ಮ ಮನೆಯ ಮೂಲೆಯಲ್ಲಿ ಕೂತು ಇವನ್ನೆಲ್ಲ ಜೋಡಿಸಿದ್ದು ಒಂದು ಕಾರ್ ರೇಸ್ ಗೇಮ್ ಆಡುವುದಕ್ಕೆ. ಆಡಿದ್ದು ಕಡಿಮೆ, ಅದನ್ನು ಓಡಿಸಲು ಗುದ್ದಾಡಿದ್ದೇ ಹೆಚ್ಚು. ಹಾಗೆ ಗುದ್ದಾಡುತ್ತಲೇ ಫಾರ್ಮ್ಯಾಟ್ ಮಾಡುವುದು ಕಲಿತೆವು (ಎರಡು ಸಲ ಮದುವೆ ಫೋಟೋಗಳೂ ಹೋದವು), ಆಮೇಲೆ ಸಣ್ಣಪುಟ್ಟ ಗೇಮ್ ನಾವೇ ಮಾಡುವುದೂ ಬಂತು. ನಾನು ಗಣಿತದ ಮೇಷ್ಟ್ರು. ಮನೆಯಲ್ಲಿ ಕಲಿತದ್ದನ್ನು ಔರಾದ ಕಡೆಯ ನಮ್ಮ ಶಾಲೆಗೆ ಒಯ್ದು ಮಕ್ಕಳಿಗೆ ಕಲಿಸುತ್ತೇನೆ.

ಟೆಸ್ಟರ್ ತಂದು ಡಬ್ಬಿಗೆ ಹಿಡಿದೆ. ಕೆಂಪಗೆ ಉರಿಯಿತು.

"ಚಪ್ಪಲಿ ಹಾಕ್ಕೊಂಡು ಮುಟ್ಟಿದ್ರ ಏನೂ ಆಗಲ್ಲ ಪಪ್ಪಾ. ಬರಿಗಾಲಿದ್ರ ಅಷ್ಟೇ," ಅಂದಳು ಮಗಳು. ಆಗಲೇ ಎಲ್ಲ ಪ್ರಯೋಗ ಮುಗಿಸಿದ್ದಳು!

ವೈರಿಂಗ್ ನೋಡುವವರು ಯಾರಿದ್ದಾರೆ? ನಮ್ಮ ವಾಯರ್‌ಮನ್ ಶಿವರಾಜ ಕೆಲಸ ಹುಡುಕಿಕೊಂಡು ಮನೆಮಂದಿಯೊಂದಿಗೆ ಪುಣೆ ಸೇರಿದ್ದಾನೆ. ಎರಡು ವರ್ಷದಿಂದ ಮಳೆಯಿಲ್ಲ. ಅರ್ಧ ಓಣಿಗೆ ಬೀಗ ಬಿದ್ದಿದೆ. ಅವನಿಗೇ ಫೋನ್ ಹಚ್ಚಿದೆ.

"ಅರ್ಥಿಂಗ್ ಗುಂಡ್ಯಾಗ ನೀರ್ ಹಾಕೀರೇನ್ರಿ ಸರ?"

"ಕುಡಿಲಿಕ್ಕೇ ನೀರಿಲ್ಲ, ಗುಂಡಿಗಿ ಎಲ್ಲಿಂದ ಹಾಕ್ಲಿ ಶಿವರಾಜ?"

"ಗುಂಡಿ ಒಣಗಿದ್ರ ಅರ್ಥಿಂಗ್ ಇದ್ದೂ ಇಲ್ದಂಗ್ರಿ. ಲೀಕ್ ಆದ ಕರೆಂಟ್ ಮಣ್ಣಿಗಿ ಹೋಗಲ್ಲ, ಡಬ್ಬಿ ಮ್ಯಾಲೇ ಕೂಡ್ತದ. ಬರಿಗಾಲಿಲಿ ಮುಟ್ಟಿದ್ರ ಮೈಯಾಗಿಂದ ಹಾಯ್ದು ಹೋಗ್ತದ."

ಆಗ ಹೊಳೆಯಿತು. ಬಟ್ಟೆ ಒಗೆಯುವ ಕಲ್ಲಿನ ನೀರು ಮೊದಲು ನೇರ ಆ ಗುಂಡಿಗೇ ಹರಿಯುತ್ತಿತ್ತು. ಬರ ಬಂದ ಮೇಲೆ ಒಂದು ಹನಿಯನ್ನೂ ಕೆಡಿಸಬಾರದೆಂದು ನಾವು ಒಗೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಪಾಯಖಾನೆಗೆ ಬಳಸುತ್ತಿದ್ದೇವೆ. ಜಾಣತನ ಅಂದುಕೊಂಡಿದ್ದೆವು. ಗುಂಡಿ ಮಾತ್ರ ತಿಂಗಳುಗಟ್ಟಲೆ ಒಣಗಿಕೊಂಡೇ ಬಿದ್ದಿತ್ತು.

ಎರಡು ಬಕೆಟ್ ನೀರು ಸುರಿದೆವು. ಸ್ವಲ್ಪ ಹೊತ್ತಿಗೆ ಟೆಸ್ಟರ್ ಉರಿಯುವುದು ನಿಂತಿತು. ನಾನು ನಕ್ಕೆ. ಆ ನಗು ಹೆಚ್ಚು ಹೊತ್ತು ಇರಲಿಲ್ಲ.

ನಮ್ಮ ಶಾಲೆಯ ಅರ್ಥಿಂಗ್ ಗುಂಡಿ ಇರುವುದೆಲ್ಲಿ? ಮಕ್ಕಳು ಊಟದ ತಟ್ಟೆ ತೊಳೆಯುವ ನಲ್ಲಿಯ ಪಕ್ಕ. ಬೋರ್ ಬತ್ತಿದಾಗಿನಿಂದ ಆ ನಲ್ಲಿಯಲ್ಲಿ ನೀರಿಲ್ಲ. ಮಕ್ಕಳು ತಟ್ಟೆ ಮನೆಗೊಯ್ದು ತೊಳೆಯುತ್ತಾರೆ. ಆ ಗುಂಡಿಗೆ ಸೇರಿದ ಒಂದೇ ತಂತಿಯ ಮೇಲೆ ಲ್ಯಾಬಿನ ಹತ್ತು ಕಂಪ್ಯೂಟರ್ ಇವೆ. ಲ್ಯಾಬಿನ ಬಾಗಿಲಿಗೆ ಒಂದು ಬೋರ್ಡ್ ಇದೆ, ನಾನೇ ಬಣ್ಣ ಹಚ್ಚಿ ಬರೆದದ್ದು: ಚಪ್ಪಲಿ ಹೊರಗೆ ಬಿಡಿ.

ಧೂಳು ಬರಬಾರದೆಂದು ಬರೆದಿದ್ದೆ. (ಕಂಪ್ಯೂಟರ್ ಎಂದರೆ ಗರ್ಭಗುಡಿ ಎಂದು ನಂಬಿದ ತಲೆಮಾರು ನಮ್ಮದು.)

ಈಗ ಬೇಸಿಗೆ ರಜೆ ಅಲ್ಲವೇ ಅನ್ನುತ್ತೀರಿ. ಹೌದು. ಆದರೆ ಬರಗಾಲವೆಂದು ರಜೆಯಲ್ಲೂ ಬಿಸಿಯೂಟ ನಡೆಯುತ್ತಿದೆ. ಊಟಕ್ಕೆ ಬರುವ ಎಂಟು ಹುಡುಗಿಯರಿದ್ದಾರೆ. ತಂದೆತಾಯಿ ಹೈದರಾಬಾದಿಗೋ ಮುಂಬೈಗೋ ದುಡಿಯಲು ಹೋಗಿದ್ದಾರೆ, ಇವರು ಕಾಕಾ ಮಾಮಾ ಅಂತ ಬಂಧುಗಳ ಮನೆಯಲ್ಲಿದ್ದಾರೆ. ಗೇಮ್ ಮಾಡುತ್ತಾ ಕೂತಿರಲಿ ಎಂದು ಲ್ಯಾಬಿನ ಕೀಲಿಯನ್ನು ಅಡುಗೆಯ ಭಾಗಮ್ಮನ ಕೈಗೆ ಕೊಟ್ಟು ಬಂದವನೂ ನಾನೇ.

ಭಾಗಮ್ಮನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಇನ್ನೊಮ್ಮೆ. ಎತ್ತಲಿಲ್ಲ. ಹೆಡ್‌ಮಾಸ್ಟರ್ ಫೋನ್ ಸ್ವಿಚ್ ಆಫ್.

ಬೀದರದಿಂದ ಔರಾದಕ್ಕೆ ರೈಲಿಲ್ಲ. ನನಗೆ ಬೈಕ್ ಓಡಿಸಲು ಬರುವುದಿಲ್ಲ (ನಗಬೇಡಿ). ಬಸ್ ಹತ್ತಿದೆ. ಅದು ಊರಂಚಿನ ನೌಬಾದ ದಾಟುವಷ್ಟರಲ್ಲಿ ಹನ್ನೊಂದು ಸಲ ಫೋನ್ ಮಾಡಿದ್ದೆ. ಪ್ರತಿ ಸ್ಟಾಪಿನಲ್ಲೂ ಕಂಡಕ್ಟರ್ ಮೇಲೆ ಸಿಟ್ಟು ಬರುತ್ತಿತ್ತು. ನಾನು ಬರೆದ ಬೋರ್ಡ್ ಕಣ್ಣ ಮುಂದೆ ಬಂದರೆ, ಅದರ ಕೆಳಗೆ ಸಾಲಾಗಿ ಬಿಟ್ಟ ಎಂಟು ಜೊತೆ ಚಪ್ಪಲಿಗಳೂ ಬರುತ್ತಿದ್ದವು. ಅಷ್ಟು ಹೆದರಿಕೆ ನನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಔರಾದದಲ್ಲಿ ಆಟೋ ಹಿಡಿದು ಶಾಲೆಗೆ ಬಂದಾಗ ಲ್ಯಾಬಿನೊಳಗಿಂದ ಕಿರುಚಾಟ ಕೇಳಿಸಿತು.

ಬಾಗಿಲು ತಳ್ಳಿದೆ. ಕಿರುಚಾಟವಲ್ಲ, ನಗು. ಎಂಟೂ ಹುಡುಗಿಯರು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೈ ಕೈ ಹಿಡಿದು ನಿಂತಿದ್ದರು. ಮೊದಲನೆಯವಳ ಬೆರಳು ಕಂಪ್ಯೂಟರ್ ಡಬ್ಬಿಯ ಮೇಲೆ. ಕೊನೆಯವಳು ಒಂಬತ್ತನೇ ಕ್ಲಾಸಿನ ಅಶ್ವಿನಿ. ಅವಳು ಮೆಲ್ಲಗೆ ಬರಿಗಾಲನ್ನು ನೆಲದ ಕಡೆ ಇಳಿಸುತ್ತಿದ್ದಳು.

ನಾನು ಮೇನ್ ಸ್ವಿಚ್ ಎಳೆದೆ. ಫ್ಯಾನ್ ನಿಂತಿತು. ನಗುವೂ ನಿಂತಿತು.

"ಏನ್ ನಡಿಸೀರಿ ಇಲ್ಲಿ?"

"ಆಟ ರಿ ಸರ," ಅಂದಳು ಅಶ್ವಿನಿ. "ಕುರ್ಚಿ ಮ್ಯಾಲಿದ್ರ ಏನೂ ಆಗಲ್ರಿ. ಕಡಿಗಿನಾಕಿ ನೆಲಕ್ಕ ಕಾಲಿಟ್ರ ಎಲ್ಲಾರಿಗೂ ಚುಮ್ ಅಂತದ. ಮೊದಲ್ ಕೈ ಬಿಟ್ಟಾಕಿ ಔಟ್."

ಆಮೇಲೆ ಸ್ವಲ್ಪ ಹೆಮ್ಮೆಯಿಂದಲೇ ಸೇರಿಸಿದಳು: "ಏಳನೇ ನಂಬರ್ ಖರಾಬ್ ಅದರಿ. ಅದು ಚಾಲೂ ಮಾಡಿದ್ರ ಹತ್ತೂ ಜೋರ್ ಹೊಡಿತಾವ. ಒಂದೊಂದೇ ಬಂದ್ ಮಾಡಿ ನೋಡೀವ್ರಿ. ಅದಕ್ಕ ಅದು ಹಚ್ಚಲ್ರಿ ನಾವು."

ಏಳನೆಯ ಕಂಪ್ಯೂಟರಿನ ಮೇಲೆ ಸೀಮೆಸುಣ್ಣದ ಗುಣಾಕಾರದ ಗುರುತು ಇತ್ತು. ಎಲ್ಲಿ ದೋಷವಿದೆ ಎಂದು ಒಂದೊಂದನ್ನೇ ತೆಗೆದು ಹುಡುಕುವುದನ್ನು ಗೇಮ್ ಕೆಟ್ಟಾಗ ನಾನೇ ಕಲಿಸಿದ್ದೆ. ಶಹಬ್ಬಾಸ್ ಅನ್ನಬೇಕಿತ್ತು. ಆದರೆ ಯಾರೋ ಒಬ್ಬಳು ಮರೆತು ಆ ಏಳನೆಯದನ್ನು ಹಚ್ಚಿದ್ದರೆ?

"ಎಷ್ಟ ದಿನದಿಂದ ಹೊಡಿತದ?"

"ರಜಾ ಬಿಟ್ಟಾಗಿಂದ ರಿ."

"ಮತ್ತ ನನಗ್ಯಾಕ ಹೇಳಿಲ್ಲ?"

ಅಶ್ವಿನಿಯೇ ಬಾಯಿಬಿಟ್ಟಳು.

"ಹೇಳಿದ್ರ ನೀವು ಲ್ಯಾಬ್ ಬಂದ್ ಮಾಡ್ತೀರಿ ಸರ. ಆಮ್ಯಾಲ ದಿನಾ ಎಲ್ಲಿ ಹೋಗ್ಬೇಕ್ರಿ ನಾವು?"

ಎಲ್ಲರನ್ನೂ ಹೊರಗೆ ಕಳಿಸಿ ಬೀಗ ಹಾಕಿದೆ. ಹಾಕದೆ ಮಾಡುವುದೇನು? ಗುಂಡಿಗೆ ಟ್ಯಾಂಕರ್ ನೀರು ಬೇಡಬೇಕು, ವೈರಿಂಗ್ ನೋಡುವವನು ಪುಣೆಯಿಂದ ಬರಬೇಕು. ಹುಡುಗಿಯರು ಚಪ್ಪಲಿ ಮೆಟ್ಟಿಕೊಂಡು ಬೇವಿನ ಮರದ ಕೆಳಗೆ ಸುಮ್ಮನೆ ಕೂತರು. ಅಶ್ವಿನಿ ನನ್ನ ಕಡೆ ನೋಡಲಿಲ್ಲ.

ಇನ್ನೊಮ್ಮೆ, ಇನ್ನೆಲ್ಲೋ, ಏನೋ ಚುಮ್ ಅಂದರೆ ಆ ಹುಡುಗಿ ನನಗೆ ಹೇಳುತ್ತಾಳೆಯೇ?