ತಳದಲ್ಲಿ ಸಿಗದ ಚಪ್ಪಲಿ ಸಿಗಡಿ

ನೀರಿನಲ್ಲಿ ಹುಡುಕುವ ಮಾತು ಬಂದರೆ ನಾನು ವಿನಯ ತೋರಿಸುವವನಲ್ಲ. ಆ ಕಣ್ಣು ನನಗೆ ಅಪ್ಪನಿಂದ ಬಂದದ್ದು. ಸವದತ್ತಿ ತಾಲೂಕಿನ ನಮ್ಮೂರು ಉಗರಗೋಳದ ಸುತ್ತ ಯಾರ ಬಾವಿಯಲ್ಲೇ ಕೊಡ ಬೀಳಲಿ, ಪಾತಾಳಗರಡಿಯ ಕೊಕ್ಕೆಗೆ ಅದು ಸಿಗದಿದ್ದರೆ ಅಪ್ಪನಿಗೆ ಕರೆ ಬರುತ್ತಿತ್ತು. ರಾಮದುರ್ಗದ ಕಡೆಯಿಂದಲೂ ಜನ ಸೈಕಲ್ ತುಳಿದುಕೊಂಡು ಬಂದದ್ದುಂಟು. ತೊಂಬತ್ತರ ದಶಕದಲ್ಲಿ ನಾನೂ ಅವನ ಜೊತೆ ಇಳಿಯುತ್ತಿದ್ದೆ. ಮುಳುಗುವ ಮೊದಲು ಬಾವಿಯ ಗೋಡೆಯಿಂದ ಚಾಚಿದ ಕಲ್ಲಿನ ಮೆಟ್ಟಿಲು, ಪಾವಟಿಗೆಯ ಮೇಲೆ ಕಣ್ಣು ಮುಚ್ಚಿ ಕೂಡಬೇಕು, ಕಣ್ಣಿಗೆ ಕತ್ತಲೆ ರೂಢಿಯಾಗಲಿ ಅಂತ. ತಳದಲ್ಲಿ ಕಾಲು ಬಡಿಯಬಾರದು, ರಾಡಿ ಏಳುತ್ತದೆ. ಮುಖ್ಯವಾಗಿ, ಬರಿಗೈಲಿ ಮೇಲೆ ಬರಬಾರದು. ಕೊಡ ಸಿಗದಿದ್ದರೆ ಒಂದು ಹಿಡಿ ಕೆಸರನ್ನಾದರೂ ತಂದು, ತಳ ಮುಟ್ಟಿದ್ದನ್ನು ಕಟ್ಟೆಯ ಮೇಲಿದ್ದವರಿಗೆ ತೋರಿಸಬೇಕು.

ಆಮೇಲೆ ಊರಿಗೆ ನಳ ಬಂತು, ಹೊಲಕ್ಕೆ ಬೋರ್ ಬಂತು, ಬಾವಿಗೆ ಕಸ ಬಿತ್ತು. ಅಪ್ಪನನ್ನು ಕರೆಯುವವರೇ ಇಲ್ಲವಾದರು. ಅವನು ದೇವಿಯ ಗುಡ್ಡದ ಕೆಳಗೆ ಪೂಜೆಯ ಕಾಯಿ ಮಾರುವ ಒಂದು ಅಂಗಡಿಯಲ್ಲಿ ಕುಳಿತ. ಪಾತಾಳಗರಡಿ ಗೋಡೆಯ ಗೂಟಕ್ಕೆ ಹೋಯಿತು. ಅದನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಅಂತ ಗೊತ್ತಿರಲಿಲ್ಲ.

ಎರಡು ಸಾವಿರನೇ ಇಸವಿಯ ನಂತರ ನಾನು ಕರಾವಳಿಗೆ ಹೋಗಿ ಒಂದು ಡೈವಿಂಗ್ ಕೇಂದ್ರ ಸೇರಿದೆ. ಗಾಳಿ ಸಿಲಿಂಡರ್ ತೊಳೆಯುವ ಕೆಲಸ. ಬಿಡುವಿನಲ್ಲಿ ಡೈವಿಂಗನ್ನೂ ಕಲಿತೆ. ಎರಡನೇ ಬೇಸಿಗೆಯಲ್ಲಿ ಮಾಲೀಕ ನನ್ನನ್ನು ಕರೆದು ಪುಸ್ತಕದಲ್ಲಿ ಒಂದು ಚಿತ್ರ ತೋರಿಸಿದ. "ಇದು ಚಪ್ಪಲಿ ಸಿಗಡಿ ಮಾರಾಯ, ಅದರಲ್ಲೂ ಸಣ್ಣ ಜಾತಿ. ಮುಂದಿನ ವಾರ ಮೈಸೂರಿನ ಮೇಡಂ ಒಬ್ಬರು ಇದರ ಫೋಟೋ ತೆಗೀಲಿಕ್ಕೇ ಬರ್ತಾರೆ. ಹುಡುಕಿ ತೋರಿಸಿದ್ರೆ ನೀನು ಗೈಡ್. ಇಲ್ಲದಿದ್ರೆ ಮಳೆಗಾಲಕ್ಕೆ ಊರಿಗೆ ಹೊರಡು. ತೊಳೀಲಿಕ್ಕೆ ನಂಗೆ ಎರಡು ಜನ ಬೇಡ."

ನಮ್ಮ ಮನೆಯಲ್ಲಿ ಮೀನು ಸಿಗಡಿ ಒಲೆ ಹತ್ತಿದ್ದಿಲ್ಲ. ಅದು ಎಲ್ಲಿರುತ್ತದೆ, ಹೇಗಿರುತ್ತದೆ ನನಗೇನು ಗೊತ್ತು? ಚಿತ್ರದಲ್ಲಿ ಕಂಡದ್ದಿಷ್ಟು: ಬೆರಳುದ್ದದ ಚಪ್ಪಟೆ ಪ್ರಾಣಿ, ಕಲ್ಲಿನದೇ ಬಣ್ಣ. ಇಕ್ಕಳದಂಥ ಕೈಗಳಿಲ್ಲ. ಉದ್ದ ಮೀಸೆಯ ಜಾಗದಲ್ಲಿ ಎರಡು ಅಗಲವಾದ ಹಲಗೆ. ಆದರೂ "ಹುಡುಕ್ತೇನ್ರಿ" ಅಂದುಬಿಟ್ಟೆ. ಊರಿಗೆ ಮರಳಿ ಅಪ್ಪನ ಪಕ್ಕ ಕಾಯಿ ಅಂಗಡಿಯಲ್ಲಿ ಕೂಡುವುದು ನನ್ನಿಂದ ಆಗುತ್ತಿರಲಿಲ್ಲ.

ನಾಲ್ಕು ದಿನ ಇಳಿದೆ. ಮರಳು, ಬಿರುಕು, ಉರುಳಿದ ಬಂಡೆಗಳ ಸಂದಿ, ತಳದಲ್ಲಿ ನಾನು ನೋಡದ ಗೇಣು ಜಾಗವಿಲ್ಲ. ಏನೂ ಸಿಗಲಿಲ್ಲ, ಪ್ರತಿ ಸಲ ಒಂದು ಹಿಡಿ ಮರಳು ಹಿಡಿದು ಮೇಲೆ ಬಂದೆ. ಐದನೇ ದಿನ ಎಸ್‌ಟಿಡಿ ಬೂತಿನಿಂದ ಅಪ್ಪನ ಅಂಗಡಿಗೆ ಫೋನ್ ಹಚ್ಚಿ ಎಲ್ಲ ಹೇಳಿದೆ.

"ಎಲ್ಲಿ ಹುಡಕಾಕ ಹತ್ತಿ?"

"ತಳದಾಗ."

"ಅದೇನ ಬಿದ್ದ ಕೊಡ ಏನಲೇ? ಜೀವ ಇದ್ದದ್ದು ತಳದಾಗ ಬಿದ್ದಿರತೈತೇನು? ನಮ್ಮ ಬಾವ್ಯಾಗಿನ ಏಡಿ ಎಲ್ಲಿ ಇರತಿದ್ವು ಹೇಳ."

"ಪಾವಟಿಗಿ ಕೆಳಗ."

"ಮತ್ತ? ಅಂಗಾತ ಆಗಿ ಮ್ಯಾಲ ನೋಡ."

ಮರುದಿನ ಮೇಡಂ ಬಂದೇಬಿಟ್ಟರು. ದೋಣಿಯ ಅಂಚಿನಲ್ಲಿ ನಾನು ಕಣ್ಣು ಮುಚ್ಚಿ ಕುಳಿತಾಗ, ಭಯವೇನೋ ಅಂದುಕೊಂಡು ಅವರೇ ನನಗೆ ಧೈರ್ಯ ಹೇಳಿದರು. ನೀರಿಗೆ ಇಳಿದು, ಹೊರಚಾಚಿದ ಒಂದು ಬಂಡೆಯ ಕೆಳಗೆ ಅಂಗಾತ ತೇಲಿ, ಟಾರ್ಚನ್ನು ನೇರ ಹಿಡಿಯದೆ ಓರೆಯಾಗಿ ಹಿಡಿದೆ. ಓರೆ ಬೆಳಕಿಗೆ ಪ್ರತಿ ಉಬ್ಬಿಗೂ ನೆರಳು ಬರುತ್ತದೆ. ಕಲ್ಲಿನ ಉಬ್ಬು ಹೇಗೆ ಬೇಕಾದರೂ ಇರುತ್ತದೆ, ಎಡಬಲ ಒಂದೇ ಅಳತೆಗೆ ಇರುವುದಿಲ್ಲ. ಬಂಡೆಯ ಸೂರಿನಲ್ಲಿ ಒಂದು ಉಬ್ಬು ಮಾತ್ರ ಎಡಬಲ ಸರಿಸಮ ಇತ್ತು. ಅಲುಗದೆ ನೋಡುತ್ತ ಇದ್ದೆ. ಎರಡು ಹಲಗೆಗಳ ನಡುವೆ ದಾರದಂಥ ಸಣ್ಣ ಎಳೆಗಳು ಪಟಪಟ ಆಡಿದವು. ತಲೆಕೆಳಗಾಗಿ, ಆರಾಮವಾಗಿ ಕುಳಿತಿತ್ತು ಪುಣ್ಯಾತ್ಮ.

ನನ್ನ ಕೈ ತಾನೇ ಮೇಲೆ ಹೋಯಿತು. ಸಿಕ್ಕಿದ್ದನ್ನು ತರದೆ ಬರುವ ಅಭ್ಯಾಸ ಅದಕ್ಕಿಲ್ಲ. ಗೇಣು ದೂರವಿದ್ದಾಗ ಮುಷ್ಟಿ ಬಿಗಿದು ಹಿಂದಕ್ಕೆಳೆದುಕೊಂಡೆ. ಮುಟ್ಟಿದ್ದರೆ ಅದೂ ಹೋಗುತ್ತಿತ್ತು, ಕೆಲಸವೂ ಹೋಗುತ್ತಿತ್ತು. ಮೇಡಂಗೆ ಬೆಳಕಿನಲ್ಲಿ ದಾರಿ ತೋರಿಸಿದೆ. ಅವರಿಗೆ ಅದು ಕಾಣಲು ಬಹಳ ಹೊತ್ತು ಹಿಡಿಯಿತು. ಜೀವನದಲ್ಲಿ ಮೊದಲ ಸಲ ನಾನು ಬರಿಗೈಲಿ ಮೇಲೆ ಬಂದೆ, ಗೈಡ್ ಆಗಿ.

"ಎಲ್ಲಿ ಕಲಿತಿರಿ ಇದನ್ನ?" ಅಂತ ಮೇಡಂ ಕೇಳಿದರು.

"ಸವದತ್ತಿ ತಾಲೂಕಿನ್ಯಾಗರಿ" ಅಂದೆ. ಅವರು ಬಹುಶಃ ಅದನ್ನು ಯಾವುದೋ ದ್ವೀಪ ಅಂದುಕೊಂಡರು.

ಸಂಜೆ ಫೋನ್ ಮಾಡಿದಾಗ ಅಪ್ಪ ಎಲ್ಲ ಕೇಳಿ, "ಕೈಯಾಗ ಏನ ತಂದಿ?" ಅಂದ. ಏನೂ ಇಲ್ಲ, ನೋಡಿ ಬಂದೆ ಅಂದೆ. "ಬರಿಗೈಲೆ ಬಂದಿ?" ಅಂದವನು ಫೋನ್ ಇಟ್ಟುಬಿಟ್ಟ. ನನಗೆ ಕೆಟ್ಟೆನಿಸಿತು, ಬಹಳ.

ಮಳೆಗಾಲದ ರಜೆಗೆ ಊರಿಗೆ ಹೋದಾಗ ಮೇಡಂ ಕಳಿಸಿದ ಫೋಟೋ ಒಯ್ದೆ. ಅವ್ವ ನೋಡಿ, "ಬರೇ ಕಲ್ಲ ಐತಿ" ಅಂದಳು. ತೋರಿಸಲು ನಾನು ಬೆರಳು ಚಾಚಿದೆ. ಅಪ್ಪ ನನ್ನ ಕೈ ತಳ್ಳಿದ. ಫೋಟೋ ಇಸಿದುಕೊಂಡು ಹೊರಗಿನ ಕಟ್ಟೆಯ ಮೇಲೆ ಕುಳಿತ. ಕುಳಿತು, ಕಣ್ಣು ಮುಚ್ಚಿದ.

ಅವನು ಹಾಗೆ ಕುಳಿತದ್ದನ್ನು ನೋಡಿ ಎಷ್ಟು ವರ್ಷಗಳಾಗಿದ್ದವೋ.

ಕಣ್ಣು ತೆರೆದು, ಫೋಟೋವನ್ನು ತಲೆಕೆಳಗು ಮಾಡಿ, ಒಂದು ಜಾಗದಲ್ಲಿ ಬೆರಳೂರಿದ. "ಸಿಕ್ಕಿತ ನೋಡ" ಅಂದ.