ದೀಪ ಮುಟ್ಟದ ಸಾಕ್ಷಿಗಳು

ನನ್ನ ಮನೆ ಹೋದದ್ದು ಇಬ್ಬರು ಒಳ್ಳೆಯವರಿಂದ. ಹೀಗೆ ಅಂದರೆ ನನ್ನ ತಂಗಿ ಈಗಲೂ ಸಿಡುಕುತ್ತಾಳೆ, "ಮೈದುನ ಕಿತ್ಕೊಂಡ ಅನ್ನು ಅಕ್ಕಾ" ಎನ್ನುತ್ತಾಳೆ. ಮೈದುನ ಕಿತ್ತುಕೊಂಡ, ನಿಜ. ಅವನು ಕಳ್ಳ, ಕಳ್ಳನ ಕೆಲಸ ಮಾಡಿದ. ಅವನ ಮೇಲಿನ ಸಿಟ್ಟು ಆರಿ ಎಷ್ಟೋ ಕಾಲವಾಯಿತು. ಈ ಇಬ್ಬರ ಮೇಲಿನದು ಆರಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಶಿಕಾರಿಪುರದಲ್ಲಿ ಕೆರೆ ಕಡೆಗೆ ಹೋಗುವ ಬೀದಿಯಲ್ಲಿ ನಮ್ಮ ಮನೆ. ಲಕ್ವ ಹೊಡೆದು ಗಂಡ ಹಾಸಿಗೆ ಹಿಡಿದಿದ್ದರು. ಮಕ್ಕಳಿಲ್ಲ. ನಾನು ನಡುಮನೆಯಲ್ಲಿ ಖಾನಾವಳಿ ನಡೆಸುತ್ತಿದ್ದೆ. ತಪ್ಪದೆ ಎರಡು ಹೊತ್ತೂ ಬರುವವರು ಇಬ್ಬರು. ಒಬ್ಬರು ಮಿಡ್ಲ್ ಸ್ಕೂಲಿನ ಮೇಷ್ಟ್ರು. ನಮ್ಮ ಪೈಕಿಯವರೇ, ಆದರೆ ಕೊರಳಿನ ಲಿಂಗ ಬಿಚ್ಚಿಟ್ಟು, ದೇವರು ಗೀವರು ಎಲ್ಲ ಸುಳ್ಳು ಎಂದು ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದವರು. ಇನ್ನೊಬ್ಬರು ಸರ್ಕಾರಿ ಆಸ್ಪತ್ರೆಯ ಕಾಂಪೌಂಡರು, ಶಿವಮೊಗ್ಗದ ಕಡೆಯ ಕ್ರಿಶ್ಚಿಯನ್ನರು. ಅವರನ್ನು ಒಳಗೆ ಕೂರಿಸಿ ಬಡಿಸುತ್ತೇನೆಂದು ಪಕ್ಕದ ಮನೆಯಾಕೆ ಬಾವಿಕಟ್ಟೆಯಲ್ಲಿ ನನ್ನ ಕೊಡಕ್ಕೆ ತನ್ನ ಕೊಡ ತಾಗಿಸುತ್ತಿರಲಿಲ್ಲ. ತಾಗಿಸದಿದ್ದರೆ ಬಿಡು, ನನಗೇನು ಎಂದುಕೊಂಡೆ.

ಇಬ್ಬರೂ ಎದುರಾಬದುರು ಕೂತರೆಂದರೆ ಮುಗಿಯಿತು, ರೊಟ್ಟಿ ಆರಿದ್ದೂ ಗೊತ್ತಾಗುತ್ತಿರಲಿಲ್ಲ. "ಹುಟ್ಟುತ್ಲೇ ಪಾಪಿ ಅಂತೀರಲ್ಲ, ಈಗಷ್ಟೇ ಹುಟ್ಟಿದ ಕೂಸಿಗೆ ಎಂಥಾ ಪಾಪ ರೀ?" ಎಂದು ಮೇಷ್ಟ್ರು ಕೇಳುವುದು. "ಮೇಲೆ ನೋಡೋರು ಯಾರೂ ಇಲ್ಲ ಅಂತೀರಿ, ಮತ್ತೆ ಸಾಹುಕಾರ್ರ ಮಗನ್ನ ಯಾಕ್ರೀ ಫೇಲ್ ಮಾಡಿದ್ರಿ?" ಎಂದು ಕಾಂಪೌಂಡರು ಕೇಳುವುದು. ಜಗಳವೇ ಅಲ್ಲ ಅದು. ಒಬ್ಬರನ್ನೊಬ್ಬರು ತಿಳಿದುಕೊಳ್ಳಲೇಬೇಕೆಂಬ ಹಟ. ಒಂದು ಸಲ ಪಾತ್ರ ಅದಲುಬದಲು ಮಾಡಿಕೊಂಡರು. ಮೇಷ್ಟ್ರು ಏಸುವಿನ ಪರವಾಗಿ ಮಾತಾಡಬೇಕು, ಕಾಂಪೌಂಡರು ದೇವರೇ ಇಲ್ಲವೆಂದು ವಾದಿಸಬೇಕು. ಮೇಷ್ಟ್ರು ಎಂಥ ಚೆಂದ ಮಾತಾಡಿದರೆಂದರೆ, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ಕೇಳುತ್ತ ನಿಂತುಬಿಟ್ಟೆ. ಕಾಂಪೌಂಡರೂ ಕಡಿಮೆಯೇನಲ್ಲ, ತಮ್ಮ ವಾದ ತಮಗೇ ತಟ್ಟಿತೋ ಏನೋ, ಅನ್ನ ಬಿಟ್ಟು ಎದ್ದರು. ಅಯ್ಯೋ, ಎಂಥ ಮನುಷ್ಯರಪ್ಪ ಎಂದು ನನಗೆ ಹೆಮ್ಮೆಯಾಗಿತ್ತು. ನನ್ನ ಮನೆಯ ರೊಟ್ಟಿ ತಿಂದು ಮಾತಾಡುತ್ತಾರಲ್ಲ ಎಂದು.

ಗಂಡನಿಗೆ ಕೊನೆಗಾಲ ಬಂದಾಗ ಮೈದುನ ಊರಿನಿಂದ ಬಂದ. ಸೊರಬದಿಂದ ಆಚೆ, ಚಂದ್ರಗುತ್ತಿ ದಾರಿಯಲ್ಲಿ ಅವನ ಊರು. ಅಣ್ಣ ತಮ್ಮ ಹಿಂದೆಯೇ ಬಾಯಿಮಾತಿನಲ್ಲಿ ಪಾಲಾಗಿದ್ದರು: ಗದ್ದೆ ಅವನಿಗೆ, ಮನೆ ನಮಗೆ. ದಾಖಲೆಯಲ್ಲಿ ಮಾತ್ರ ಎರಡೂ ಇನ್ನೂ ಮಾವನ ಹೆಸರಿನಲ್ಲೇ ಇದ್ದವು. ಮೈದುನ ಅಣ್ಣನ ಕೈ ಹಿಡಿದು, "ಅಣ್ಣಾ, ಮನೆ ಅತ್ತಿಗೇದು. ಗದ್ದೆ ನಂಗೆ ಬಂತಲ್ಲ, ಮನೆ ತಂಟೆಗೆ ನಾ ಬರದಿಲ್ಲ. ನೀ ಸಮಾಧಾನದಲ್ಲಿರು ಮಾರಾಯ" ಎಂದ. ಸೂಜಿ ಕೊಡಲು ಬಂದಿದ್ದ ಕಾಂಪೌಂಡರು ತಲೆದೆಸೆಯಲ್ಲಿದ್ದರು, ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಇಬ್ಬರೂ ಕೇಳಿದರು. ನಮ್ಮನ್ನು ಬಿಟ್ಟು ಕೇಳಿದವರು ಅವರಿಬ್ಬರೇ.

ಮಣ್ಣು ಮಾಡಿ ನಾಲ್ಕು ತಿಂಗಳಾಗಿರಲಿಲ್ಲ, ಅದೇ ಬಾಯಿ ತಿರುಗಿತು. ಪಾಲೇ ಆಗಿಲ್ಲ, ಅಣ್ಣನಿಗೆ ಮಕ್ಕಳೂ ಇಲ್ಲ, ಮನೆ ತನ್ನದು, ಅತ್ತಿಗೆಗೆ ಬೇಕಾದರೆ ಊರಿಗೆ ಬಂದು ಕೊಟ್ಟಿಗೆ ಪಕ್ಕದ ಕೋಣೆಯಲ್ಲಿರಲಿ ಎಂದ. ಪಂಚರು ಕೂತರು. ಸಾಕ್ಷಿಗಳು ಚಂದ್ರಗುತ್ತಿಯ ಗುಡಿಗೆ ಬಂದು ಅಮ್ಮನ ಮುಂದೆ ದೀಪ ಮುಟ್ಟಿ ಹೇಳಲಿ, ಹೇಳಿದರೆ ಮನೆ ಆಕೆಯದೇ ಎಂದು ತೀರ್ಮಾನವಾಯಿತು. ನನಗೆ ಜೀವ ಬಂದಂತಾಯಿತು. ಎರಡು ಬಾಯಿ, ಎರಡೂ ಸುಳ್ಳಾಡದ ಬಾಯಿ. ಇನ್ನೇನು ಬೇಕು?

ಮೇಷ್ಟ್ರು ಎಲೆ ಮುಂದೆ ಕೂತೇ ಹೇಳಿದರು, "ಬರ್ತೀನಿ ಅಕ್ಕಾ, ಕೇಳಿದ್ದು ಕೇಳಿದಂಗೆ ಹೇಳ್ತೀನಿ. ಆದ್ರೆ ದೀಪ ಮುಟ್ಟಾಕ ಆಗಲ್ಲ."

"ಯಾಕ್ರೀ? ದೇವರಿಲ್ಲ ಅಂದಮ್ಯಾಲೆ ಅದು ಬರೇ ಎಣ್ಣಿ, ಬತ್ತಿ. ಮುಟ್ಟಿದ್ರೆ ನಿಮ್ಮ ಗಂಟೇನು ಹೋಗ್ತೈತಿ?"

"ಅದಕ್ಕೇ ಮುಟ್ಟಲ್ಲ. ನಂಬದೇ ಇದ್ದದ್ದನ್ನ ನಂಬಿದಂಗೆ ಮಾಡಿದ್ರೆ ಅದೇ ಸುಳ್ಳಾತಲ್ಲ. ನಿಜ ಹೇಳಾಕ ಸುಳ್ಳಿನಿಂದ ಶುರು ಮಾಡ್ಲಾ?"

ನಾನು ಕಾಂಪೌಂಡರ ಕಡೆ ತಿರುಗಿದೆ. ಅವರು ಎಲೆ ನೋಡುತ್ತ, "ನಮಗೆ ಆಣೆ ಇಡೋದೇ ಕೂಡದು ಅಮ್ಮಾರೆ, ಏಸುವೇ ಬೇಡ ಅಂದಾರೆ. ಅದ್ರಾಗೂ ಬೇರೆ ದೇವರ ಮುಂದೆ... ನನ್ನ ಬಾಯಿಮಾತು ತಗಳ್ಳಿ, ಅದು ಎಲ್ಲಿ ಬೇಕಾದ್ರೂ ಹೇಳ್ತೀನಿ" ಎಂದರು.

ನನ್ನ ಮೈ ಉರಿದುಹೋಯಿತು. ಸೌಟು ಕೈಯಲ್ಲೇ ಇತ್ತು. ಮೇಷ್ಟ್ರನ್ನು ಬೈದರೆ ಕಾಂಪೌಂಡರು ಅಡ್ಡ ಬಂದರು: "ಅವ್ರಿಗೆ ಒತ್ತಾಯ ಮಾಡಬೇಡ್ರಿ ಅಮ್ಮಾರೆ, ಅವರ ಮನಸ್ಸಾಕ್ಷಿ ಅದು." ಕಾಂಪೌಂಡರನ್ನು ಬೈದರೆ ಮೇಷ್ಟ್ರು: "ಅವರ ಕಷ್ಟ ನಿಮಗೆ ತಿಳಿಯಲ್ಲ ಅಕ್ಕಾ. ಒಂದ್ಸಲ ಸೋತ್ರೆ ಆ ಮನುಷ್ಯ ಬದುಕಿರಾ ತನಕ ನಿದ್ದಿ ಮಾಡಲ್ಲ." ಎಷ್ಟು ಚೆನ್ನಾಗಿ ಕಲಿತಿದ್ದರು ಒಬ್ಬರ ಪಾಠ ಇನ್ನೊಬ್ಬರು! ನನ್ನ ನಿದ್ದೆಯ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಆದರೂ ಹೋದೆವು. ಅಲ್ಲಿ ನಾಲ್ಕು ಜನರ ಎದುರು ನಿಂತಾಗ, ನನ್ನ ಮುಖ ನೋಡಿದಾಗ, ಇಬ್ಬರಲ್ಲಿ ಒಬ್ಬರಾದರೂ ಕರಗುತ್ತಾರೆ ಎಂಬ ಆಸೆ. ಸೊರಬದವರೆಗೆ ಬಸ್ಸು, ಅಲ್ಲಿಂದ ಮುಂದೆ ಗಾಡಿ.

ಮೈದುನ ತಲೆಗೆ ನೀರು ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಬಂದ. ದೀಪ ಮುಟ್ಟಿ, "ನಾ ಆ ಮಾತು ಹೇಳ್ಲಿಲ್ಲ, ಹೇಳಿದ್ರೆ ನನ್ ಮನೆ ದೀಪ ಆರ್‍ಲಿ" ಎಂದ. ನಾಲಿಗೆ ತೊದಲಲಿಲ್ಲ. ಹಣೆ ತುಂಬ ವಿಭೂತಿ ಬೇರೆ, ಹಾಳಾದವನು.

ಹಿರಿಯ ಪಂಚರು ಮೇಷ್ಟ್ರನ್ನು ಕರೆದರು. ಮೇಷ್ಟ್ರು ಎಲ್ಲವನ್ನೂ ಹೇಳಿದರು, ಒಂದಕ್ಷರ ಬಿಡದೆ.

"ಮುಟ್ಟಿ ಹೇಳಿ."

"ಮುಟ್ಟಲ್ಲ."

"ದೇವ್ರಿಲ್ಲ ಅನ್ನೋರ ಮಾತು ನಮಗೆ ಯಾತಕ್ಕೆ?" ಎಂದರು ಅವರು. ಕಾಂಪೌಂಡರನ್ನು ಗುಡಿಯೊಳಗೆ ಬಿಡಲಿಲ್ಲ. ದೀಪವನ್ನೇ ಮೆಟ್ಟಿಲ ತನಕ ತಂದರು. ಕಾಂಪೌಂಡರು ಕೇಳಿದ್ದನ್ನೆಲ್ಲ ಹೇಳಿದರು. ದೀಪ ಹತ್ತಿರ ಬಂದಾಗ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಆ ಕೈ ನನ್ನ ಗಂಡನಿಗೆ ಎಷ್ಟು ಸಲ ಸೂಜಿ ಕೊಟ್ಟಿತ್ತು. ನೋಡಲಾಗಲಿಲ್ಲ ನನಗೆ.

ನಾನು ಮುಟ್ಟುತ್ತೇನೆ ಎಂದು ಮುಂದೆ ಬಂದೆ. ಗಂಡ ಸತ್ತು ವರ್ಷ ತುಂಬದವಳು ದೀಪ ಮುಟ್ಟಬಾರದು ಎಂದರು. ಅಲ್ಲಿಗೆ ಮುಗಿಯಿತು. ಮುಟ್ಟಿದ ಸುಳ್ಳ ಗೆದ್ದ. ಅವನ ಮನೆಯ ದೀಪವೇನೂ ಆರಲಿಲ್ಲ. ಮೊಮ್ಮಕ್ಕಳನ್ನು ಎತ್ತಿ ಆಡಿಸಿಯೇ ಸತ್ತ. ಅಮ್ಮನಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ, ಆದರೆ ಏನೂ ಕೇಳಿಕೊಳ್ಳುವುದಿಲ್ಲ.

ಸೊರಬದಲ್ಲಿ ಬಸ್ಸಿಗೆ ಕಾಯುತ್ತ ಕೂತಿದ್ದೆವು. ಅವರಿಬ್ಬರೂ ಮರದ ಕೆಳಗೆ ಪಕ್ಕಪಕ್ಕದಲ್ಲಿ, ನಾನು ಸ್ವಲ್ಪ ದೂರ. ಮೇಷ್ಟ್ರು ಕಾಂಪೌಂಡರ ಹೆಗಲ ಮೇಲೆ ಕೈಯಿಟ್ಟು, "ಇಷ್ಟು ದಿನ ವಾದ ಮಾಡಿದ್ದೇ ಬಂತು. ನಿಮ್ಮ ನಂಬಿಕಿ ಅಂದ್ರೆ ಏನು ಅಂತ ಇವತ್ತು ಅರ್ಥ ಆತು ನೋಡ್ರಿ" ಎಂದರು. ಕಾಂಪೌಂಡರ ಕಣ್ಣು ತುಂಬಿ ಬಂತು. "ನನಗೂ ಅಷ್ಟೇ ಮೇಷ್ಟ್ರೇ. ದೇವರಿಲ್ಲ ಅನ್ನೋರಾಗೂ ಇಂಥಾ ನಿಷ್ಠೆ ಇರ್ತೈತಿ ಅಂತ ತಿಳಿದಿರ್‍ಲಿಲ್ಲ."

ನನಗೆ ತಡೆಯಲಾಗಲಿಲ್ಲ. "ಭಾಳ ಚಲೋ ಆತು. ನಿಮಗಿಬ್ರಿಗೂ ಅರ್ಥ ಆತಲ್ಲ, ನನ್ನ ಮನಿ ಹೋದದ್ದು ಸಾರ್ಥಕ ಆತು. ನಾಳೆ ನಾ ಒಲಿ ಎಲ್ಲಿ ಹೂಡ್ಲಿ, ಅದನ್ನೊಂದು ಹೇಳ್ರಿ" ಎಂದೆ.

ಮೇಷ್ಟ್ರು, ಕೋರ್ಟಿನಲ್ಲಿ ದೇವರ ಹೆಸರು ಹೇಳದೆಯೂ ಸಾಕ್ಷಿ ನುಡಿಯಬಹುದು, ಕೋರ್ಟಿಗೆ ಹೋಗಿ ಎಂದರು. ಹೆಂಗಸು, ಒಂಟಿ, ವಕೀಲನ ಮುಖ ಕಂಡವಳಲ್ಲ, ಕೋರ್ಟಿಗೆ ಹೋಗಬೇಕಂತೆ. ಕಾಂಪೌಂಡರು ನನಗಾಗಿ ಪ್ರಾರ್ಥನೆ ಮಾಡುತ್ತೇನೆ ಎಂದರು. ಮಾಡಿಯೂ ಇರಬಹುದು, ಅವರು ಸುಳ್ಳಾಡುವವರಲ್ಲ.

ಮುಂದಿನ ತಿಂಗಳು ಮೈದುನ ಬೀಗ ಹಿಡಿದುಕೊಂಡು ಬಂದ. ನಾನು ಪಾತ್ರೆಗಳನ್ನು ಗಾಡಿಗೆ ಹಾಕಿಸಿ ತಂಗಿಯ ಊರಿಗೆ ಹೊರಟೆ. ಬಸ್ ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಒಂದು ಖಾನಾವಳಿ ಶುರುವಾಗಿತ್ತು. ಅದರ ಮುಂದೆ ಹಾಯುವಾಗ ಒಳಗೆ ಅವರಿಬ್ಬರೂ ಎದುರಾಬದುರು ಕೂತು ಉಣ್ಣುತ್ತಿದ್ದರು. ಮಾತಿನಲ್ಲಿ ಎಷ್ಟು ಮುಳುಗಿದ್ದರೆಂದರೆ, ಗಾಡಿ ಹೋದದ್ದನ್ನು ಇಬ್ಬರೂ ನೋಡಲಿಲ್ಲ.